ಸೆಕೆಗೂ ಮೊದಲೇ ಬರುವ ಬೇಸಿಗೆ

ಮೇ 5 ಅಥವಾ 6ರ ಹೊತ್ತಿಗೆ ಚೀನಾದ ಪಂಚಾಂಗದಲ್ಲಿ 'ಲಿಶ್ಯಾ' ಬರುತ್ತದೆ. ಜಪಾನಿನಲ್ಲಿ ಅದೇ 'ರಿಕ್ಕಾ'. ಎರಡೂ ಕಡೆ ಲೆಕ್ಕಕ್ಕೆ ಬೇಸಿಗೆ ಶುರುವಾದಂತೆ. ಆದರೆ ಸಪ್ಪೊರೊದಲ್ಲಿ ಚೆರ್ರಿ ಹೂ ಅರಳುವುದೇ ಆ ಆಸುಪಾಸಿನಲ್ಲಿ. ಚೀನಾದ ಹವಾಮಾನ ತಜ್ಞರು ಐದೈದು ದಿನಗಳ ಸರಾಸರಿ ಉಷ್ಣಾಂಶ 22 ಡಿಗ್ರಿಗೆ ಏರಿ ನಿಂತಾಗ ಮಾತ್ರ ಬೇಸಿಗೆ ಎನ್ನುತ್ತಾರೆ. ಮೇ ಮೊದಲ ವಾರದಲ್ಲಿ ಆ ಅಳತೆ ಮುಟ್ಟುವುದು ಹೆಚ್ಚಾಗಿ ದಕ್ಷಿಣದ ಪ್ರಾಂತ್ಯಗಳಷ್ಟೇ. ಹೀಗಾಗಿ ಹಳೆಯ ಗಣನೆಯನ್ನು ತಿದ್ದಬೇಕೆಂಬ ಮಾತು ಆಗಾಗ ಏಳುತ್ತದೆ. 2011ರಲ್ಲಿ ಜಪಾನ್ ಹವಾಮಾನ ಸಂಘ ತನ್ನ ದೇಶಕ್ಕೊಪ್ಪುವ ಹೊಸ ಪಟ್ಟಿ ಮಾಡಲು ಹೊರಟು, ವಿರೋಧ ಬಂದ ಮೇಲೆ ಕೈಬಿಟ್ಟಿತು. ಬಿಟ್ಟದ್ದೇ ಸರಿ. ಹಳೆಯದೆಂಬ ಭಕ್ತಿಯಿಂದ ಈ ಮಾತು ಹೇಳುತ್ತಿಲ್ಲ. ಲಿಶ್ಯಾ ಅಳೆಯುವುದು ಬೆಳಕನ್ನು, ಸೆಕೆಯನ್ನು ಅದು ಅಳೆಯುವುದೇ ಇಲ್ಲ.

ಚೀನಾದ ಹಬ್ಬಗಳು ಹೆಚ್ಚಾಗಿ ಚಂದ್ರನ ಲೆಕ್ಕದವು, ಆದರೆ ಲಿಶ್ಯಾ ಸೇರಿದಂತೆ ಪಂಚಾಂಗದ 24 ಋತುಬಿಂದುಗಳು ಸೂರ್ಯನವು. ಸೂರ್ಯನ ವರ್ಷದ ಹಾದಿಯನ್ನು 15 ಡಿಗ್ರಿಗೊಂದರಂತೆ ಭಾಗ ಮಾಡಿದರೆ, ವಸಂತ ವಿಷುವಕ್ಕೂ ಜೂನ್ 21ರ ಸುಮಾರಿನ ದೀರ್ಘಹಗಲಿಗೂ ನಟ್ಟನಡುವೆ, 45ನೇ ಡಿಗ್ರಿಯಲ್ಲಿ ಲಿಶ್ಯಾ ಬೀಳುತ್ತದೆ. ಅಂದು ಬೀಜಿಂಗ್‌ನಲ್ಲಿ ಹಗಲು ಆಗಲೇ ಸುಮಾರು 14 ಗಂಟೆ. ನೆಲ, ಕಡಲು ಕಾಯಲು ಸಮಯ ಹಿಡಿಯುವುದರಿಂದ ಕಡುಸೆಕೆ ಬರುವುದು ಜುಲೈ, ಆಗಸ್ಟ್‌ಗೆ. ನಮ್ಮ ರೈತರ ಮಳೆನಕ್ಷತ್ರಗಳೂ ಸೂರ್ಯನ ಹಾದಿಯ 27 ಪಾಲುಗಳೇ. ಭರಣಿಯಲ್ಲಿ ಹನಿ ಬೀಳಲಿಲ್ಲವೆಂದು ಯಾರೂ ಭರಣಿಯನ್ನು ಪಂಚಾಂಗದಿಂದ ತೆಗೆಯುವುದಿಲ್ಲ.

ಹಾಗಾದರೆ ಲಿಶ್ಯಾದ ಜೊತೆಗೇ ಕಪ್ಪೆ ಕೂಗುವುದು, ಎರೆಹುಳು ಮೇಲೇಳುವುದು ಎಂದೆಲ್ಲ ಬರೆದಿದೆಯಲ್ಲ, ಅದು ಹವೆಯ ಮಾತಲ್ಲವೇ ಎಂದು ಕೇಳಬಹುದು. ಹೌದು, ಅದು ಹವೆಯದೇ, ಅದೂ ಉತ್ತರ ಚೀನಾದ್ದು. ಅದನ್ನು ಬದಲಿಸಲು ಅಡ್ಡಿಯಿಲ್ಲ. 17ನೇ ಶತಮಾನದ ಕೊನೆಯಲ್ಲಿ ಜಪಾನಿನ ಖಗೋಳಜ್ಞ ಶಿಬುಕಾವಾ ಹರುಮಿ ಇಂಥ ಗುರುತುಗಳನ್ನು ತನ್ನ ನಾಡಿಗೆ ಒಗ್ಗುವಂತೆ ತಿದ್ದಿದ; 24ರ ಚೌಕಟ್ಟನ್ನು ಮುಟ್ಟಲಿಲ್ಲ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಂತೂ ಆ ಚೌಕಟ್ಟು ಅಲುಗಬಾರದು. ಹಾಂಗ್‌ಝೌ ಕಡೆ ಲಿಶ್ಯಾದಂದು ಮಕ್ಕಳನ್ನು ತೂಗುವ ರೂಢಿಯಿದೆ: ಸೆಕೆಗೆ ಎಷ್ಟು ಸೊರಗಿದರೆಂದು ತಿಳಿಯಲು ಮೊದಲಿನ ತೂಕ ಗೊತ್ತಿರಬೇಕಲ್ಲ! ಥರ್ಮಾಮೀಟರ್ ಹೇಳಿದಂತೆ ಬೇಸಿಗೆಯ ಗಡಿಯನ್ನೇ ಹಿಂದಕ್ಕೆಳೆಯುತ್ತ ಹೋದರೆ ಸೆಕೆ ಎಷ್ಟು ಬೇಗ ಬಂತೆಂದು ಯಾವುದಕ್ಕೆ ಹೋಲಿಸಿ ಹೇಳುವುದು? ಅಲ್ಲಿನ ಕ್ಯಾಲೆಂಡರುಗಳು ಲಿಶ್ಯಾವನ್ನು ಇದ್ದಲ್ಲೇ ಇಟ್ಟು, ಊರೂರಿಗೆ 22 ಡಿಗ್ರಿ ಮುಟ್ಟಿದ ಹಿಂದಿನ ವರ್ಷದ ದಿನವನ್ನು ಪಕ್ಕದಲ್ಲಿ ಮುದ್ರಿಸಲಿ. ನಡುವಿನ ಅಂತರವನ್ನು ಓದುಗರೇ ಎಣಿಸಿಕೊಳ್ಳುತ್ತಾರೆ.