ರಾಜ್ಯದ ಕೆಲಸವೂ ಒಂದು ವಿದ್ಯೆಯೇ

ಪ್ಲಸ್ ಟು ಪರೀಕ್ಷೆಯ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವುದು ಎರಡೇ ಮಾತು: ಇಂಜಿನಿಯರಿಂಗೋ, ಡಾಕ್ಟರಿಯೋ? ಎರಡೂ ಒದಗದಿದ್ದರೆ ವಾಣಿಜ್ಯ. ಅರ್ಜಿ ತುಂಬುವ ಮುನ್ನ ಪಾಲಕರು ಇನ್ನೊಂದು ವಿದ್ಯೆಯ ಕಡೆಗೂ ಕಣ್ಣು ಹಾಯಿಸಬೇಕೆಂದು ನಮ್ಮ ಬಿನ್ನಹ. ಅದರ ಹೆಸರು ಸಾರ್ವಜನಿಕ ನೀತಿ. ಕಾಲೇಜಿನವರು ಪಬ್ಲಿಕ್ ಪಾಲಿಸಿ ಎನ್ನುವುದು ಇದನ್ನೇ.

ನೀತಿ ಎಂದೊಡನೆ ಪಂಚತಂತ್ರದ ಕಥೆ ನೆನಪಾದೀತು. ಇದು ಆ ನೀತಿಯಲ್ಲ. ರಸ್ತೆ ಎಲ್ಲಿ ಹಾಯಬೇಕು, ಯಾರ ಜಮೀನು ಹೋಗಬೇಕು, ಹಣ ಎಲ್ಲಿಂದ ಬರಬೇಕು, ಮನೆ ಕಳೆದುಕೊಂಡವನಿಗೆ ಏನು ಕೊಡಬೇಕು, ಕೊಟ್ಟದ್ದು ಅವನ ಕೈಸೇರಿತೇ ಎಂಬುದನ್ನೆಲ್ಲ ಲೆಕ್ಕ, ಕಾನೂನು, ಅರ್ಥಶಾಸ್ತ್ರಗಳ ನೆರವಿನಿಂದ ತೂಗಿ ನೋಡುವ ವಿದ್ಯೆ.

ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ಎರ್ನಾಕುಳದಿಂದ ಗೋಶ್ರೀ ಸೇತುವೆಯ ಮೇಲೆ ಹೊರಟರೆ ವಲ್ಲಾರ್ಪಾಡಂ. ಇಲ್ಲಿಯ ಕಂಟೇನರ್ ಬಂದರು 2011ರ ಫೆಬ್ರವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅದಕ್ಕೆಂದು ವೇಂಬನಾಡು ಹಿನ್ನೀರಿನ ಮೇಲೆ ಸುಮಾರು 4.6 ಕಿಲೋಮೀಟರ್ ಉದ್ದದ ರೈಲು ಸೇತುವೆ ಕಟ್ಟಿದರು. ಇಂಜಿನಿಯರರ ಕೆಲಸ ಮೆಚ್ಚತಕ್ಕದ್ದೇ. ಆದರೆ ವಿದೇಶಿ ಹಡಗುಗಳು ನಮ್ಮ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವುದನ್ನು ನಿರ್ಬಂಧಿಸುವ ಹಳೆಯ ನಿಯಮ ಅಡ್ಡವಾಗಿತ್ತು. ವಲ್ಲಾರ್ಪಾಡಕ್ಕೆ ಅದನ್ನು ಸಡಿಲಿಸಿದ್ದು 2012ರಲ್ಲಿ, ಬಂದರು ಸಿದ್ಧವಾದ ಮೇಲೆ.

ಇನ್ನು ಜನರ ಪಾಡು. ಬಂದರಿನ ರಸ್ತೆ ಮತ್ತು ರೈಲು ಹಾದಿಗಾಗಿ ಮೂಲಂಪಿಳ್ಳಿ ಮೊದಲಾದ ಊರುಗಳ 316 ಕುಟುಂಬಗಳು ನೆಲೆ ಕಳೆದುಕೊಂಡವು. 2008ರ ಫೆಬ್ರವರಿಯಲ್ಲಿ ಮೂಲಂಪಿಳ್ಳಿಯ ಮನೆಗಳನ್ನು ಬಲವಂತವಾಗಿ ತೆರವು ಮಾಡಿದಾಗ ದೊಡ್ಡ ಚಳವಳಿಯೇ ಎದ್ದಿತು. ಮರುತಿಂಗಳೇ ಸರಕಾರ ಪುನರ್ವಸತಿಯ ಆದೇಶ ಹೊರಡಿಸಿತು: ನಿವೇಶನ, ಮನೆಯಾಗುವ ತನಕ ಬಾಡಿಗೆ, ಕುಟುಂಬಕ್ಕೊಬ್ಬರಿಗೆ ಉದ್ಯೋಗ. ಕೊಟ್ಟ ನಿವೇಶನಗಳಲ್ಲಿ ಹಲವು ಜೌಗು ನೆಲ. ವರ್ಷಗಳು ಉರುಳಿದರೂ ಅನೇಕರು ಮನೆ ಕಟ್ಟಲಾರದೆ ಹೋದರು. ಆದೇಶ ಬರೆದವರಿದ್ದರು, ಆ ನೆಲ ಗೋಡೆಯ ಭಾರ ತಡೆದೀತೇ ಎಂದು ಮುಂಚಿತವಾಗಿ ವಿಚಾರಿಸುವವರು ಬೇಕಾಗಿದ್ದರು. ಅಂಥವರನ್ನು ತಯಾರು ಮಾಡುವುದೇ ಈ ವಿದ್ಯೆಯ ಉದ್ದೇಶ.

“ಅದು ಇಲ್ಲಿಯವರ ರಾಜಕೀಯ, ನಮಗೇಕೆ?” ಎಂದು ಕೇಳುವವರು ನಮ್ಮಲ್ಲಿ ಇಲ್ಲದಿಲ್ಲ. ಇಲ್ಲಿಯ ನೀರು ಕುಡಿದು, ಇಲ್ಲಿಯ ರಸ್ತೆಯಲ್ಲಿ ನಡೆದು, ಇಲ್ಲಿಯೇ ಓಟು ಹಾಕುವ ನಾವು ಹೊರಗಿನವರಾಗಿ ಕುಳಿತಿರುವುದು ತರವಲ್ಲ. ಕನ್ನಡಿಗರಿಗೆ ಈ ಚಿಂತನೆ ಹೊಸದೂ ಅಲ್ಲ. ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು 1945ರಲ್ಲಿ, ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲೇ.

ಇನ್ನು ಪ್ರವೇಶದ ಮಾತು. ಪದವಿ ಮಟ್ಟದಲ್ಲಿ ಇದೇ ಹೆಸರಿನ ಕೋರ್ಸು ಎಲ್ಲ ಕಡೆಯೂ ಸಿಕ್ಕದು. ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ, ಅರ್ಥಶಾಸ್ತ್ರಗಳ ಒಳಗೆ ಹುಡುಕಬೇಕು. ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ಮುಗಿಸಿ ಪದವಿ ಪಡೆಯಲೂಬಹುದು. ಮುಖ್ಯ ವಿಷಯದ ಜೊತೆಗೆ ಉಪವಿಷಯಗಳನ್ನು ಆರಿಸಲು ಅವಕಾಶವಿದೆ. ಮನೆಯಲ್ಲೇ ಇದ್ದು ಓದುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಸಾರ್ವಜನಿಕ ಆಡಳಿತದ ಪದವಿಯುಂಟು. ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ. ಕೊಚ್ಚಿ, ತಿರುವನಂತಪುರ ಎರಡೂ ಕಡೆ ಅದರ ಪ್ರಾದೇಶಿಕ ಕೇಂದ್ರಗಳಿವೆ. ಮುಂದೆ ಓದುವವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯದೇ ಸ್ನಾತಕೋತ್ತರ ಪದವಿ ಇದೆ.

ಶುಲ್ಕ ಕಟ್ಟುವ ಮೊದಲು ಕಾಲೇಜಿನಲ್ಲಿ ಮೂರು ಪ್ರಶ್ನೆ ಕೇಳಿರಿ. ಯು.ಜಿ.ಸಿ. ಮಾನ್ಯತೆ ಉಂಟೇ? ಸಂಖ್ಯಾಶಾಸ್ತ್ರ ಕಲಿಸುವಿರಾ? ಮಕ್ಕಳನ್ನು ಪಂಚಾಯಿತಿ, ಪುರಸಭೆಗಳಿಗೆ ಕಳುಹಿಸಿ ಕೆಲಸ ಮಾಡಿಸುವಿರಾ? ಬರೀ ಪುಸ್ತಕದಿಂದ ಬರುವ ವಿದ್ಯೆ ಇದಲ್ಲ.

ಉದ್ಯೋಗ ಕೈಯಲ್ಲಿಟ್ಟು ಕಳುಹಿಸುವ ಪದವಿ ಇದೆಂದು ನಾವು ಹೇಳೆವು. ಐ.ಎ.ಎಸ್. ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಅಲ್ಲಿ ಸಾರ್ವಜನಿಕ ಆಡಳಿತ ಐಚ್ಛಿಕ ವಿಷಯಗಳಲ್ಲೊಂದು ಎಂಬಷ್ಟು ಅನುಕೂಲ ನಿಜ. ಆದರೆ ಪತ್ರಿಕೆಯನ್ನು ಮೊದಲ ಪುಟದಿಂದ ಓದುವ, ಊಟದ ಹೊತ್ತಿನಲ್ಲಿ “ಹೀಗೇಕೆ?” ಎಂದು ಕೇಳುವ ಮಗನೋ ಮಗಳೋ ಮನೆಯಲ್ಲಿದ್ದರೆ, ಗದರಿಸಿ ಸುಮ್ಮನಾಗಿಸದೆ ಈ ದಾರಿಯನ್ನೂ ತೋರಿಸಿರಿ.