ಗೃಹಧರ್ಮ: ಅತ್ತೆಯ ಮನೆಯಲ್ಲಿ ಸೊಸೆಯ ನೆಲೆ



ಸಿರುಗುಪ್ಪದ ಭತ್ತದ ಸೀಮೆಯಿಂದ ಬಳ್ಳಾರಿ ನಗರಕ್ಕೆ ಹೆಣ್ಣು ಕೊಡುವುದು, ಕುರುಗೋಡಿನಿಂದ ಸೊಸೆಯನ್ನು ತರುವುದು ನಮ್ಮ ಮನೆತನಗಳಲ್ಲಿ ನಡೆದು ಬಂದ ರೂಢಿ. ಬೀಗತನ ಕೆಟ್ಟಾಗ ಮೊದಲು ಕೇಳಿಬರುವ ಮಾತು ಒಂದೇ: “ಮನೆ ನಮ್ಮ ಹೆಸರಿನಲ್ಲಿದೆ, ನಿನ್ನ ತವರಿಗೆ ನಡೆ.” ಅದನ್ನು ನಂಬಿ ಹೆಣ್ಣುಮಗಳು ಕಣ್ಣೀರಿಡುತ್ತ ಬಸ್ಸು ಹತ್ತುತ್ತಾಳೆ. ಈ ಮಾತೇ ಕೊನೆಯ ಮಾತಲ್ಲವೆಂದು ತಿಳಿಸುವುದು ಈ ತಿಂಗಳ ಬರಹದ ಉದ್ದೇಶ.

ನಮ್ಮ ಪದ್ಧತಿ ಬೇರೆ, ಕೋರ್ಟಿನ ಕಾನೂನು ನಮಗೇಕೆ ಎನ್ನುವವರುಂಟು. 1955ರ ಹಿಂದೂ ವಿವಾಹ ಅಧಿನಿಯಮವು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿ ನಮ್ಮನ್ನು ಒಳಗೊಂಡಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಂತೂ ಎಲ್ಲ ಮತದ ಸ್ತ್ರೀಯರಿಗೂ ಅನ್ವಯಿಸುತ್ತದೆ. ಸೊಸೆ ಬಾಳಿದ ಮನೆಯಲ್ಲಿ ಅವಳಿಗೆ ಒಡೆತನವಿಲ್ಲದಿದ್ದರೂ ವಾಸದ ಹಕ್ಕುಂಟೆಂದು ಅದರ 17ನೆಯ ಕಲಮು ಹೇಳುತ್ತದೆ.

ನಮ್ಮ ರಾಜ್ಯದ್ದೇ ಒಂದು ನಿದರ್ಶನವನ್ನು ನೋಡಿ. ಬೆಂಗಳೂರಿನಲ್ಲಿ ಮಗನು ಕೊಂಡ ಸ್ವತ್ತು ಮೊದಲು ತಂದೆಯ ಹೆಸರಿಗೂ, ಬಳಿಕ ದಾನಪತ್ರದ ಮೂಲಕ ತಾಯಿಯ ಹೆಸರಿಗೂ ಹೋಯಿತು. ಹಿರಿಯ ನಾಗರಿಕರ ರಕ್ಷಣೆಗಾಗಿ ಇರುವ 2007ರ ಕಾಯಿದೆಯಡಿ ಸೊಸೆಯನ್ನು ಮನೆ ಬಿಡಿಸುವ ಆದೇಶವಾಯಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ 2020ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಲು ಹಿರಿಯರ ಕಾಯಿದೆಯನ್ನು ಬಳಸಲಾಗದೆಂದು ವಿಧಿಸಿ, ಅವಳು ಪರಿಹಾರ ಕೇಳಿಕೊಳ್ಳಲೆಂದು ಒಂದು ವರ್ಷ ಬಲವಂತವಾಗಿ ಹೊರಹಾಕದಂತೆ ತಡೆಯಿತು. ಅದೇ ವರ್ಷದ ಅಕ್ಟೋಬರ್ 15ರಂದು ಅದೇ ನ್ಯಾಯಾಲಯ, ಅತ್ತೆಮಾವಂದಿರ ಒಡೆತನದ ಮನೆಯೂ ಸೊಸೆಯ ಪಾಲಿಗೆ ವಾಸದ ಮನೆಯಾಗಬಹುದೆಂದಿತ್ತು. ಹಿರಿಯರು ನೆಮ್ಮದಿಯಿಂದ ಬಾಳುವ ಹಕ್ಕನ್ನೂ ತೂಗಿ ನೋಡಬೇಕೆಂದು ಸೇರಿಸಿತ್ತು.

ಇನ್ನು ದಾರಿ ಯಾವುದು? ಪ್ರತಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಈ ಕಾಯಿದೆಯ ರಕ್ಷಣಾಧಿಕಾರಿ. ಅವರ ಮೂಲಕವಾಗಲಿ ನೇರವಾಗಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ತವರು ಸೇರಿರುವವಳು ಬಳ್ಳಾರಿಗೆ ಅಲೆಯಬೇಕಿಲ್ಲ. ತಾನು ಸದ್ಯ ಇರುವ ಊರಿಗೆ ಸಂಬಂಧಿಸಿದ ನ್ಯಾಯಾಲಯವೇ ಸಾಕು. ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ತೀರ್ಮಾನ ಆಗಬೇಕೆಂಬುದು ಕಾಯಿದೆಯ ಆಶಯ. ವಕೀಲರ ಖರ್ಚಿಗೆ ಅಂಜುವುದು ಬೇಡ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಸ್ತ್ರೀಯರಿಗೆ ಆದಾಯವೆಷ್ಟೇ ಇರಲಿ ಉಚಿತ ನೆರವುಂಟು. ಅದಕ್ಕೆ 15100, ತುರ್ತು ಸಂಕಟಕ್ಕೆ 181 ಎಂಬ ದೂರವಾಣಿ ಸಂಖ್ಯೆಗಳಿವೆ.

ತವರಿನವರು ಕೊಟ್ಟ ಬಂಗಾರ, ಪಾತ್ರೆ, ಸೀರೆಗಳು ಸ್ತ್ರೀಧನ. ಅವುಗಳ ಮೇಲೆ ಅವಳದೇ ಒಡೆತನ. ಗಂಡನಿಂದ ಜೀವನಾಂಶ ಕೇಳಬಹುದು. ವಿಧವೆಯಾಗಿ ಸ್ವಂತ ಆಧಾರವಿಲ್ಲದ ಸೊಸೆಯು, ಪಿತ್ರಾರ್ಜಿತ ಆಸ್ತಿ ಮಾವನ ಕೈಯಲ್ಲಿದ್ದು ತನಗೆ ಪಾಲು ಬಂದಿರದಿದ್ದರೆ, 1956ರ ಕಾಯಿದೆಯ 19ನೆಯ ಕಲಮಿನಂತೆ ಅವನಿಂದಲೂ ಪೋಷಣೆ ಕೇಳಬಹುದು. ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ಹಿಂದಿನ 498-ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಇದು ಸೆರೆವಾಸದ ಮಾತು, ಸತ್ಯವಿದ್ದಷ್ಟೇ ಬರೆಯಿಸಬೇಕು. ಸುಳ್ಳು ಒಂದು ಸೇರಿದರೂ ನಿಜವಾದ ನೋವು ಹಗುರವಾಗುತ್ತದೆ.

ಹಿರಿಯರಲ್ಲಿ ಒಂದು ವಿನಂತಿ. ಮಠದ ಜಗಲಿಯಲ್ಲಿ ಕೂಡಿಸಿ ಬುದ್ಧಿ ಹೇಳುವುದು ಒಳ್ಳೆಯದೇ. ಎಷ್ಟೋ ಮನೆಗಳು ಹಾಗೆ ಉಳಿದಿವೆ. ಆದರೆ ಹೊಡೆತ ತಿಂದು ಬಂದವಳನ್ನು “ಹೊಂದಿಕೊಂಡು ಹೋಗವ್ವ” ಎಂದು ಮರಳಿ ಕಳುಹಿಸುವುದು ರಾಜಿಯಲ್ಲ. ಹಕ್ಕು ಬಿಟ್ಟೆನೆಂಬ ಕಾಗದಕ್ಕೆ ಅವಳ ರುಜು ಹಾಕಿಸುವುದು ನ್ಯಾಯವೂ ಅಲ್ಲ. ಹೆಣ್ಣುಮಕ್ಕಳೇ, ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ರುಜು ಮಾಡಬೇಡಿ.

ಹೆಣ್ಣಿನ ಅಂಗೈಗೂ ಇಷ್ಟಲಿಂಗವನ್ನು ಕೊಟ್ಟ ಧರ್ಮ ನಮ್ಮದು. ಆ ಕೈಯನ್ನು ಹಿಡಿದು ಹೊಸ್ತಿಲಾಚೆ ನೂಕುವವರು ಲಿಂಗಪೂಜೆಗೆ ಕುಳಿತಾಗ ಒಮ್ಮೆ ಯೋಚಿಸಲಿ.