ಕೆರೆಯ ಜೇಡಿಯೂ ಹೊಲದ ಮೇಲ್ಮಣ್ಣೂ

ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಅದನ್ನು ಕಟ್ಟಿಸಿದರು. ಅಲ್ಲಿಗೆ ಹೋದವರೆಲ್ಲರೂ ಬಳಪದ ಕಲ್ಲಿನ ಕೆಲಸವನ್ನು ಕೊಂಡಾಡುವರು. ಮಗ್ಗುಲಲ್ಲಿಯೇ ಇರುವ ಕೆರೆಯತ್ತ ಕಣ್ಣು ಹಾಯಿಸುವವರು ವಿರಳ. ದೇವರ ಮನೆಗೆ ಕಲ್ಲು ಒದಗಿತು. ಒಕ್ಕಲಿನ ಮನೆಗೆ ಒದಗಿದುದು ಮಣ್ಣೇ. ಆ ಮಣ್ಣಿನ ವಿಚಾರವಾಗಿ ಎರಡು ಮಾತುಗಳನ್ನು ಹೇಳಬೇಕಾಗಿದೆ.

ಈಗ ಅನೇಕ ಕಡೆಗಳಲ್ಲಿ ರೈತರು ಹೊಲದ ಮೇಲ್ಮಣ್ಣನ್ನೇ ಇಟ್ಟಿಗೆಯ ಗೂಡಿಗೆ ಮಾರುತ್ತಿರುವರು. ಗೇಣುದ್ದದ ಆ ಮಣ್ಣು ಶತಮಾನಗಳ ಗಳಿಕೆ. ಬೆಳೆಯ ಸಾರವೆಲ್ಲ ಅದರಲ್ಲಿಯೇ ಅಡಗಿರುವುದು. ಕೈಗೆ ಬಂದ ಹಣ ಒಂದು ವರ್ಷಕ್ಕೆ ಸವೆಯುವುದು, ಭೂಮಿಯ ಬಡತನವು ಮೊಮ್ಮಕ್ಕಳ ಕಾಲಕ್ಕೂ ತೀರದು. ಅತ್ತ ಕೆರೆಗಳು ಹೂಳು ತುಂಬಿ ನೀರು ಹಿಡಿಯದಂತಾಗಿವೆ. ಬೇಡದಲ್ಲಿ ಅಗೆದು ಬೇಕಾದಲ್ಲಿ ಬಿಡುವುದು ಯಾವ ವಿವೇಕ?

ಆದರೆ ಎಲ್ಲ ಮಣ್ಣೂ ಇಟ್ಟಿಗೆಯಾಗದು. ಜೇಡಿ ಅತಿಯಾದರೆ ಒಣಗುವಾಗಲೇ ಸೊಟ್ಟಗಾಗಿ ಬಿರಿಯುವುದು. ಎರೆಮಣ್ಣಿನ ದೋಷವೇ ಇದು. ಮರಳು ಅತಿಯಾದರೆ ಪುಡಿಪುಡಿಯಾಗುವುದು. ಹದವಾದ ಜೇಡಿಯನ್ನು ಸುಟ್ಟಾಗ, ಸುಮಾರು 500 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಅದರ ಕಣದೊಳಗೆ ಬೆರೆತಿದ್ದ ನೀರೂ ಹೊರಟುಹೋಗುವುದು. ಅನಂತರ ಅದು ಮರಳಿ ಕೆಸರಾಗದು. 900ರಿಂದ 1000 ಡಿಗ್ರಿಯ ಬೆಂಕಿಯಲ್ಲಿ ಕಣಗಳು ಬೆಸೆದುಕೊಂಡು ಗಟ್ಟಿಯಾಗುವುವು. ಕಬ್ಬಿಣದ ಅಂಶವು ಕೆಂಪುಬಣ್ಣವನ್ನು ಕೊಡುವುದು. ಮಣ್ಣಿನಲ್ಲಿ ಸುಣ್ಣದ ಹರಳುಗಳಿದ್ದರಂತೂ ಕೇಡು ತಪ್ಪದು: ಸುಟ್ಟ ಹರಳು ಮಳೆಯ ತೇವವನ್ನು ಹೀರಿ ಉಬ್ಬಿ, ಕಟ್ಟಿದ ಗೋಡೆಯಲ್ಲಿಯೇ ಇಟ್ಟಿಗೆಯನ್ನು ಸೀಳುವುದು.

ಹೆಂಚು ತೆಳುವಾದುದರಿಂದ ಅದಕ್ಕೆ ಇನ್ನೂ ನಯವಾದ ಜೇಡಿ ಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದುದು ನೇತ್ರಾವತಿಯ ದಡದ ಇಂತಹ ಮಣ್ಣನ್ನು ನಂಬಿಯೇ. 1956ರ ವರೆಗೆ ಮಂಗಳೂರು ಒಂದು ಆಡಳಿತಕ್ಕೂ ಹಾಸನ ಇನ್ನೊಂದಕ್ಕೂ ಸೇರಿದ್ದುವು. ಹೆಂಚು ಮಾತ್ರ ಆ ಗಡಿಯನ್ನು ಎಣಿಸದೆ ಘಟ್ಟವನ್ನು ಹತ್ತಿ ಮಲೆನಾಡಿನ ಮನೆಗಳನ್ನು ಹೊದಿಸಿತು.

ಆದುದರಿಂದ ನಮ್ಮ ಸೂಚನೆಯಿಷ್ಟೆ: ಕೆರೆಯ ಮೇಲ್ಪದರದ ಗೋಡು ಹೊಲಕ್ಕೆ ಗೊಬ್ಬರವಾಗಿ ಹೋಗಲಿ, ಅದರಡಿಯ ಜೇಡಿ, ಪರೀಕ್ಷೆಯಲ್ಲಿ ಗೆದ್ದರೆ, ಗೂಡಿಗೆ ಹೋಗಲಿ. ಅನುಮತಿಯಿಲ್ಲದೆ ಅಗೆಯಲಾಗದು, ಏರಿಯ ಬುಡವನ್ನಂತೂ ಮುಟ್ಟಲಾಗದು. ದೊಡ್ಡಗದ್ದವಳ್ಳಿಯ ಗುಡಿಯಂತಹ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷಿದ್ಧ ಪ್ರದೇಶವೆಂದು 2010ರ ಕಾನೂನು ವಿಧಿಸಿರುವುದನ್ನೂ ಮರೆಯಬಾರದು.

ಪರೀಕ್ಷೆಗೆ ದೊಡ್ಡ ಪ್ರಯೋಗಶಾಲೆ ಬೇಡ. ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಕುಲುಕಿ ಒಂದು ರಾತ್ರಿ ಇಟ್ಟರೆ ಮರಳು ಕೆಳಗೂ ಜೇಡಿ ಮೇಲೂ ಪದರುಗಟ್ಟುವುವು. ಹರಳಿನ ಮೇಲೆ ನಿಂಬೆಯ ರಸವನ್ನು ಹಿಂಡಿದಾಗ ನೊರೆಯೆದ್ದರೆ ಅದು ಸುಣ್ಣ. ಸುಟ್ಟ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿಟ್ಟು ತೂಗಿದರೆ, ಒಣತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ನೀರನ್ನು ಅದು ಕುಡಿದಿರಬಾರದು. ಉಪಾಧ್ಯಾಯ ಮಹಾಶಯರು ಮಕ್ಕಳ ಕೈಯಿಂದ ಇಷ್ಟನ್ನು ಮಾಡಿಸಿದರೆ ಸಾಕು. ತಂದೆಯು ಹೊಲದ ಮಣ್ಣನ್ನು ಮಾರಹೊರಟ ದಿನ ಮಗನೇ ಅಡ್ಡ ನಿಂತು ಕೆರೆಯ ಕಡೆಗೆ ಕೈದೋರುವನು.